ನಾಗನ ಮುಂಬೈ ಪ್ಲಾನು

ನಮ್ಮ ನಾಲ್ಕು ಜನರಲ್ಲಿ ಮುಂಬೈ ನೋಡಿದೋರು ಯಾರೂ ಇಲ್ಲ, ಆದ್ರೆ ಮುಂಬೈ ಬಗ್ಗೆ ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋರೂ ಯಾರೂ ಇಲ್ಲ. ಎಲ್ಲ ರಾಮಾಯಣ ಶುರುವಾಗಿದ್ದೇ ಅಲ್ಲಿಂದ.

ಮಹೇಶಂಗೆ ಗೊತ್ತಿರೋದು ಸಿನಿಮಾ ಮುಂಬೈ, ಅಂದ್ರೆ ರೈಲಿಳಿದ ತಕ್ಷಣ ಯಾರೋ ಒಬ್ಬ ಸೂಟ್‌ಕೇಸ್ ಕಿತ್ಕೊಂಡು ಓಡಬೇಕು, ಇವನು ಅಟ್ಟಿಸಿಕೊಂಡು ಹೋಗಬೇಕು, ಇಂಟರ್ವಲ್ ಹೊತ್ತಿಗೆ ಇವನೇ ಆ ಏರಿಯಾಗೆ ಡಾನ್ ಆಗಿರಬೇಕು. ಪುಟ್ಟಸ್ವಾಮಿದು ತಿನ್ನೋ ಮುಂಬೈ, ಅವನ ತಲೇಲಿ ಇಡೀ ಊರೇ ಒಂದು ದೊಡ್ಡ ಕಾವಲಿ. ನಾಗ ಸೊಸೈಟೀಲಿ ಕ್ಲರ್ಕು, ಅವನಿಗೆ ಊರು ಮುಖ್ಯ ಅಲ್ಲ ರೇಟು ಮುಖ್ಯ. ನಂದು ಪುಸ್ತಕದ ಮುಂಬೈ, ಏಳು ದ್ವೀಪ ಇತ್ತು, ಪೋರ್ಚುಗೀಸರು 1661ರಲ್ಲಿ ತಮ್ಮ ರಾಜಕುಮಾರೀನ ಇಂಗ್ಲೆಂಡ್ ರಾಜನಿಗೆ ಕೊಟ್ಟಾಗ ಅದನ್ನೂ ಬಳುವಳಿಯಾಗಿ ಕೊಟ್ರು ಅಂತ ಶುರು ಮಾಡಿದ್ರೆ ಸಾಕು, ಮೂರೂ ಜನ ಒಟ್ಟಿಗೆ ಟೀ ಗ್ಲಾಸ್ ಒಳಗೆ ಇಣುಕಿ ನೋಡ್ತಾರೆ.

ಮೈಸೂರಿನ ಸರಸ್ವತೀಪುರಂನ ಶೆಟ್ರ ಟೀ ಅಂಗಡಿ ಮುಂದೆ ಈ ಹರಟೆ ಹನ್ನೊಂದು ವರ್ಷದಿಂದ ನಡೀತಾ ಇದೆ. ಈ ವರ್ಷ ಏಪ್ರಿಲಲ್ಲಿ ಒಂದಿನ ಸಂಜೆ ನಾಗ ಒಂದು ಹಾಳೆ ಹಿಡ್ಕೊಂಡು ಬಂದ, ಎಕ್ಸೆಲ್ ಶೀಟು, ಸೊಸೈಟಿ ಪ್ರಿಂಟರಲ್ಲೇ ತೆಗೆದಿದ್ದು ಅಂತ ಇಂಕ್ ನೋಡಿದ್ರೇ ಗೊತ್ತಾಗ್ತಿತ್ತು. ಮೇಲೆ ದಪ್ಪಕ್ಷರದಲ್ಲಿ 'ಮಿಷನ್ ಮುಂಬೈ'. ಐದು ದಿನ ನಾಲ್ಕು ರಾತ್ರಿ. ಬೆಳಿಗ್ಗೆ 5:45ಕ್ಕೆ ಏಳೋದು, 5:45ರಿಂದ 5:52 ಹಲ್ಲುಜ್ಜೋದು.

"ಏಳು ನಿಮಿಷ ಹಲ್ಲುಜ್ಜೋಕೆ ನಾನೇನು ಮೊಸಳೇನಾ" ಅಂದ ಪುಟ್ಟಸ್ವಾಮಿ.

"ನಾಲ್ಕು ಜನಕ್ಕೆ ಒಂದೇ ಬಾತ್‌ರೂಮ್ ಕಣೋ, ಒಟ್ಟು ಟೈಮ್ ಅದು."

ರೂಮು ಆಗ್ಲೇ ಬುಕ್ ಮಾಡಿದ್ದ ಪುಣ್ಯಾತ್ಮ, ದುಡ್ಡೂ ಕಟ್ಟಿದ್ದ. ರೇಟ್ ಕೇಳಿ ನಮಗೆಲ್ಲ ನಂಬಿಕೇನೇ ಬರ್ಲಿಲ್ಲ, ಮುಂಬೈಲಿ ಈ ದುಡ್ಡಿಗೆ ರೂಮಲ್ಲ, ರೂಮಿನ ಬೀಗ ಕೂಡ ಸಿಗಲ್ಲ ಅಂತ ಕೇಳಿದ್ವಿ. "ಹೆಂಗೆ ಸಿಕ್ತು ಅಂತ ಮಾತ್ರ ಕೇಳ್ಬೇಡಿ, ಅದು ನನ್ನ ಟ್ಯಾಲೆಂಟು, ಸ್ಟೇಷನ್ನಿಂದ ಐದೇ ನಿಮಿಷ" ಅಂದ. ನಾನು ಈ ಚಾನ್ಸಿಗೇ ಕಾಯ್ತಿದ್ದೆ, "ಇದೇನು ಮಹಾ ರೇಟು, 1668ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೋರು ಇಡೀ ಮುಂಬೈನೇ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ತಗೊಂಡಿದ್ರು" ಅಂದೆ. ನಾಗನ ಮುಖ ಸಪ್ಪಗಾಯ್ತು. "ಅಡ್ವಾನ್ಸ್ ಎಷ್ಟಂತೆ?" ಅಂತ ಕೇಳ್ದ.

ಅಷ್ಟೊತ್ತಿಗೆ ಒಲೆ ಹಿಂದಿಂದ ದನಿ ಬಂತು. "ಸ್ಟೇಷನ್ ಹತ್ರ ಸರಿ, ಯಾವ ಸ್ಟೇಷನ್ ಅದು?"

ಶೆಟ್ರು. ಟೀ ಸೋಸ್ತಾ ಇದ್ರು. ಹನ್ನೊಂದು ವರ್ಷದಲ್ಲಿ ಅವರು ನಮ್ಮ ಹರಟೇಲಿ ಬಾಯಿ ಹಾಕಿದ್ದೇ ಇಲ್ಲ, ಸಾಲದ ಲೆಕ್ಕ ಹೇಳೋದು ಬಿಟ್ರೆ.

ನಾಗ ಹಾಳೆ ನೋಡಿ "ವಿರಾರ್" ಅಂದ.

ಶೆಟ್ರು ಸೋಸೋದು ನಿಲ್ಸಿದ್ರು. "ಎಂತ ಮಾರಾಯ್ರೆ, ನೀವು ನೋಡುದು ಗೇಟ್‌ವೇ, ಮಲಗುದು ವಿರಾರಲ್ಲಿಯಾ? ಗೇಟ್‌ವೇ ಕಡೆಯ ಚರ್ಚ್‌ಗೇಟ್ ಸ್ಟೇಷನ್ನಿಂದ ವಿರಾರಿಗೆ 60 ಕಿಲೋಮೀಟರ್ ಉಂಟು. ಮೈಸೂರ್ ಅರಮನೆ ನೋಡ್ಲಿಕ್ಕೆ ಬಂದವ ಮದ್ದೂರಲ್ಲಿ ರೂಮ್ ಮಾಡಿದ ಹಾಗೆ ಆಯ್ತು."

"ಮದ್ದೂರಾದ್ರೆ ವಡೆ ಆದ್ರೂ ಸಿಗುತ್ತೆ" ಅಂದ ಪುಟ್ಟಸ್ವಾಮಿ.

ಆಮೇಲೆ ಗೊತ್ತಾಗಿದ್ದು, ಶೆಟ್ರು ಮುಂಬೈಲಿ ಹದಿನಾಲ್ಕು ವರ್ಷ ಇದ್ದೋರು. ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಹೋಗಿದ್ದು, ಆಗಿನ್ನೂ ಕೊಂಕಣ ರೈಲೂ ಇರ್ಲಿಲ್ಲ, ಅದು ಪೂರ್ತಿ ಆಗಿದ್ದು 1998ರಲ್ಲಿ, ಘಟ್ಟ ಹತ್ತಿ ಇಳಿದು ಬಸ್ಸಲ್ಲಿ ವಾಂತಿ ಮಾಡ್ಕೊಂಡೇ ಹೋಗಿದ್ದಂತೆ. ಫೋರ್ಟ್ ಏರಿಯಾದ ಒಂದು ಉಡುಪಿ ಹೋಟೆಲಲ್ಲಿ ಹಗಲು ಗ್ಲಾಸ್ ತೊಳೆದು, ಸಂಜೆ ಕನ್ನಡ ನೈಟ್ ಸ್ಕೂಲಿಗೆ ಹೋಗಿ ಎಸ್ಸೆಸ್ಸೆಲ್ಸಿ ಮುಗಿಸಿದೋರು. ಅವರ ಜೊತೇಲಿ ಕಲಿತ ಹುಡುಗ್ರೆಲ್ಲ ಹಂಗೇ ಅಂತೆ, ಲೆಕ್ಕದ ಕ್ಲಾಸಲ್ಲಿ ಅರ್ಧ ಜನ ನಿದ್ದೆ, ಆದ್ರೆ ಬಿಲ್ ಲೆಕ್ಕ ಬಂದ್ರೆ ಮೇಷ್ಟ್ರಿಗಿಂತ ಫಾಸ್ಟು. "ಇದನ್ನ ಮೊದ್ಲೇ ಯಾಕೆ ಹೇಳ್ಲಿಲ್ಲ ಶೆಟ್ರೆ?" ಅಂದೆ. "ನೀವೆಲ್ಲಿ ಕೇಳಿದ್ದು?" ಅಂದ್ರು. ಅದೂ ನಿಜಾನೇ, ಹನ್ನೊಂದು ವರ್ಷ ನಾವು ಕೇಳಿದ್ದು ಸಕ್ರೆ ಕಮ್ಮಿ ಹಾಕಿ ಅಂತ ಅಷ್ಟೆ.

ಅಲ್ಲಿಂದ ಶುರುವಾಯ್ತು ನೋಡಿ ನಾಗನ ಶೀಟಿನ ಪೋಸ್ಟ್‌ಮಾರ್ಟಂ.

ಮೊದಲ್ನೇದು ಲೋಕಲ್ ಟ್ರೇನು. ಮಹೇಶ ಬಾಗಿಲಲ್ಲಿ ಕಂಬಿ ಹಿಡ್ಕೊಂಡು ಕೂದಲು ಹಾರಿಸ್ಕೊಂಡು ನಿಲ್ಲೋ ಪ್ಲಾನಲ್ಲಿದ್ದ, ಅವನ ತಲೇಲಿ ಹಾರೋಕೆ ಉಳಿದಿರೋದು ಹನ್ನೆರಡೋ ಹದಿಮೂರೋ ಕೂದಲು, ಆ ವಿಷಯ ಬಿಡಿ. ಶೆಟ್ರು ಹೇಳಿದ್ರು, "ಸಂಜೆ ಆರು ಗಂಟೆಗೆ ದಾದರಲ್ಲಿ ವಿರಾರ್ ಫಾಸ್ಟ್ ಲೋಕಲ್ ನೀವು ಹತ್ತುದು ಬೇಡ, ಬಾಗಿಲು ಬರುವ ಜಾಗದಲ್ಲಿ ಸುಮ್ನೆ ನಿಂತ್ರೆ ಸಾಕು, ಕಣ್ಣು ಬಿಟ್ಟಾಗ ಒಳಗೆ ಇರ್ತೀರಿ. ಇಳಿಯುದಕ್ಕೆ ಮಾತ್ರ ಬುದ್ಧಿ ಬೇಕು. ದಾದರಲ್ಲಿ ಇಳಿಯುದಾದ್ರೆ ಬಾಂದ್ರಾ ಬರುವಾಗ್ಲೇ ಬಾಗಿಲಿಗೆ ಬರಬೇಕು, ಪ್ಲಾಟ್‌ಫಾರ್ಮ್ ಯಾವ ಸೈಡ್ ಬರ್ತದೆ ಕೇಳಬೇಕು, ಎದುರಿನವನ ಹತ್ರ ದಾದರಾ ಅಂತ ಕೇಳಬೇಕು, ಅವ ಹೌದು ಅಂದ್ರೆ ಅವನ ಬೆನ್ನು ಬಿಡ್ಬಾರ್ದು."

"ಅಲ್ಲ ಶೆಟ್ರೆ, ನಾವು ದಾರೀಲಿ ಬರೋ ಬೊರಿವಲಿಗೆ ಹೋಗೋಕೆ ವಿರಾರ್ ಫಾಸ್ಟ್ ಹತ್ತಬಹುದಲ್ವಾ, ಅಲ್ಲೂ ನಿಲ್ಲುತ್ತಲ್ಲ?" ಅಂದ ಮಹೇಶ.

"ಹತ್ತಬಹುದು. ವಿರಾರಿನವರು ಇಳಿಲಿಕ್ಕೆ ಬಿಡ್ಬೇಕಲ್ಲ. ಹತ್ತಿರ ಹೋಗುವವ ದೂರದ ಗಾಡಿ ಯಾಕೆ ಹತ್ತಿದ್ದು ಅಂತ ಬೈತಾರೆ, ಬೈದ್ರೂ ಅಡ್ಡಿಲ್ಲ, ಜಾಗ ಬಿಡುದಿಲ್ಲ."

ನಾಗ ಕಿಸೆಯಿಂದ ಪೆನ್ ತೆಗೆದು ಶೀಟಲ್ಲಿ 'ಬೈಗುಳ' ಅಂತ ಏನೋ ಬರ್ಕೊಂಡ. ಎಸಿ ಲೋಕಲ್ಲೂ ಇದೆಯಲ್ಲ ಅಂದೆ ನಾನು. ಸೆಕೆಂಡ್ ಕ್ಲಾಸ್ ಟಿಕೆಟ್ 5 ರೂಪಾಯಿಂದ ಶುರು ಆಗುವಾಗ ಎಸಿ ಯಾಕೆ, ಬೆವರು ಬಂದ್ರೆ ಆರೋಗ್ಯಕ್ಕೆ ಒಳ್ಳೇದು ಅಂದ ನಾಗ. ಅವನ ಜೊತೆ ವಾದ ಮಾಡೋದೂ ಒಂದೇ, ಎಟಿಎಂ ಜೊತೆ ಚೌಕಾಸಿ ಮಾಡೋದೂ ಒಂದೇ.

ಎರಡನೇ ದಿನ ಗೇಟ್‌ವೇ ಆಫ್ ಇಂಡಿಯಾ. ಐದನೇ ಜಾರ್ಜ್ ದೊರೆ 1911ರಲ್ಲಿ ಬಂದಿಳಿದ ನೆನಪಿಗೆ ಕಟ್ಟಿದ್ದು, ಆದ್ರೆ ಕಟ್ಟಿ ಮುಗಿದಿದ್ದು 1924ರಲ್ಲಿ, ಪಾಪ ಆ ಯಪ್ಪ ಬಂದಾಗ ಕಂಡಿದ್ದು ಬರೀ ರಟ್ಟಿನ ಮಾದರಿ, ಕೊನೆಗೆ 1948ರಲ್ಲಿ ಬ್ರಿಟಿಷರ ಕಡೇ ಪಲ್ಟನ್ ಅದೇ ಬಾಗಿಲಿಂದ ಊರು ಬಿಟ್ಟಿತು ಅಂತ ನಾನು ಹೇಳ್ದೆ. ಈ ಸಲ ಯಾರೂ ಗ್ಲಾಸ್ ಒಳಗೆ ನೋಡ್ಲಿಲ್ಲ. "ನೋಡ್ರೋ" ಅಂದ ಮಹೇಶ, "ಚಕ್ರವರ್ತಿ ಪ್ರೋಗ್ರಾಮೇ ಹದಿಮೂರು ವರ್ಷ ಲೇಟು, ನಮ್ದು ಹನ್ನೊಂದೇ ಅಲ್ವಾ."

ಅಲ್ಲಿಂದ ಬೋಟಲ್ಲಿ ಎಲಿಫೆಂಟಾ. ಒಂದು ಗಂಟೆ ನೀರ ಮೇಲೆ. ಪುಟ್ಟಸ್ವಾಮಿ ಜೀವನದಲ್ಲಿ ಸಮುದ್ರ ನೋಡಿರೋದು ಒಂದೇ ಸಲ, ಸ್ಕೂಲ್ ಟೂರಲ್ಲಿ ಮಲ್ಪೆಗೆ, ಅದೂ ಬಸ್ಸಲ್ಲಿ ನಿದ್ದೆ ಮಾಡ್ತಿದ್ದ. ಅವನ ಚಿಂತೆ ಬೇರೆ. "ಅಲ್ಲಿ ಆನೆ ಎಷ್ಟಿದೆ?"

"ಆನೆ ಎಲ್ಲಿಂದ ಬರುತ್ತೋ, ಅಲ್ಲಿರೋದು ಗುಹೆ, ಇಪ್ಪತ್ತಡಿ ಎತ್ತರದ ಮೂರು ಮುಖದ ಶಿವ. ಹಿಂದೆ ದ್ವೀಪದಲ್ಲಿ ಒಂದು ಕಲ್ಲಾನೆ ಇತ್ತು, ಅದನ್ನ ನೋಡಿ ಪೋರ್ಚುಗೀಸರು ಆ ಹೆಸರಿಟ್ರು. ಈಗ ಆ ಆನೇನೂ ಬೈಕಲಾದ ಜೂ ಆವರಣದಲ್ಲಿದೆ."

"ಅಂದ್ರೆ ಆನೆ ಇರೋ ಜಾಗಕ್ಕೆ ಆನೆ ಹೆಸರಿಲ್ಲ, ಆನೆ ಹೆಸರಿರೋ ಜಾಗದಲ್ಲಿ ಆನೆ ಇಲ್ಲ. ದಸರೇಲಿ ಮನೆ ಬಾಗಿಲಿಗೇ ಆನೆ ಬರೋ ಊರೋರು ನಾವು, ಅಷ್ಟು ದೂರ ಹೋಗಿ ಆನೆ ಇಲ್ಲದ್ದನ್ನ ನೋಡ್ಬೇಕಾ?"

ಶೆಟ್ರು ಹಾಳೆ ಕಡೆ ಬಗ್ಗಿ "ಯಾವ ವಾರ ಹಾಕಿದ್ದೀರಿ ಇದು?" ಅಂದ್ರು. ಸೋಮವಾರ, ಶಿವನ ವಾರ, ನೋಡೇ ಹಾಕಿದ್ದು ಅಂದ ನಾಗ. "ಸೋಮವಾರ ಅಲ್ಲಿ ರಜೆ." ಮಂಗಳವಾರಕ್ಕೆ ಬಾಣದ ಗುರುತು ಎಳೆದ. ಮಂಗಳವಾರದಲ್ಲಿದ್ದ ಹಾಜಿ ಅಲಿ 12ರಿಂದ 12:30 ಅಂತ ಬುಧವಾರಕ್ಕೆ ಹೋಯ್ತು. ಶೆಟ್ರು ಅದನ್ನೂ ಬಿಡ್ಲಿಲ್ಲ, ದರ್ಗಾಕ್ಕೆ ಹೋಗೋ ದಾರಿ ಸಮುದ್ರದ ಮಧ್ಯ, ಉಬ್ಬರ ಬಂದ್ರೆ ದಾರಿನೇ ಮುಳುಗುತ್ತೆ, ಆ ಉಬ್ಬರವೂ ದಿನಾ ಐವತ್ತು ನಿಮಿಷದ ಹತ್ತಿರ ತಡ ಆಗ್ತಾ ಹೋಗುತ್ತೆ. "ಸಮುದ್ರಕ್ಕೆ ನಿಮ್ಮ ಎಕ್ಸೆಲ್‌ನ ಒಂದು ಕಾಪಿ ಕಳ್ಸಿದ್ದೀರಾ?"

ಮಹೇಶನ ಡಿಪಾರ್ಟ್‌ಮೆಂಟಲ್ಲಿ ಸ್ಟಾರ್‌ಗಳ ಮನೆ. ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಲ್ಲಿ ಶಾರುಖ್ ಖಾನ್ ಮನ್ನತ್, ಜುಹೂಲಿ ಅಮಿತಾಭ್ ಬಚ್ಚನ್ ಜಲ್ಸಾ. ಅಲ್ಲಿಂದ ಹಾಗೇ ಆಟೋಲಿ ಸೀ ಲಿಂಕ್ ಅನ್ನೋ ಸಮುದ್ರದ ಸೇತುವೆ ಮೇಲೆ ಗೇಟ್‌ವೇ ಇರೋ ಕೊಲಾಬಾಕ್ಕೆ ಅಂತಿತ್ತು ಶೀಟಲ್ಲಿ. ಶೆಟ್ರು ಬರೀ ನಕ್ಕರು. ಸೀ ಲಿಂಕ್ ಮೇಲೆ ಆಟೋ ಬಿಡಲ್ಲ, ಬೈಕೂ ಬಿಡಲ್ಲ, ನಡ್ಕೊಂಡು ಹೋಗೋಕೂ ಬಿಡಲ್ಲ. ಹೋಗ್ಲಿ ಕೆಳಗಿನ ದಾರೀಲಿ ಹೋಗ್ತೀನಿ ಅಂದ್ರೂ ಬಾಂದ್ರಾ ದಾಟಿ ಆಚೆ ಊರೊಳಗೆ ಆಟೋನೇ ಓಡಲ್ಲ, ಅಲ್ಲೇನಿದ್ರೂ ಕಪ್ಪು ಹಳದಿ ಟ್ಯಾಕ್ಸಿ. ಇದು ನಮಗೆ ಹೊಸ ಸುದ್ದಿ. ನಮ್ಮೂರಲ್ಲಿ ಆಟೋದೋರು ಬರಲ್ಲ ಅಂದ್ರೆ ಅದು ಅವರ ಮೂಡು, ಅಲ್ಲಿ ಅದು ಕಾನೂನು.

ಈಗ ಮುಖ್ಯ ವಿಷಯ, ಊಟ. ಇಡೀ ಶೀಟಲ್ಲಿ ಪುಟ್ಟಸ್ವಾಮಿಗೆ ಅಂತ ನಾಗ ಕೊಟ್ಟಿದ್ದು ಒಂದೇ ಸಾಲು. ಅವನು ಮಾಡಿದ ರಿಸರ್ಚ್ ನೋಡಿದ್ರೆ ಡಾಕ್ಟರೇಟ್ ಕೊಡಬೇಕು. ವಡಾಪಾವ್ ಶುರುವಾಗಿದ್ದು 1966ರಲ್ಲಿ ದಾದರ್ ಸ್ಟೇಷನ್ ಹತ್ರ ಒಂದು ಗಾಡೀಲಿ ಅಂತ ಹೇಳ್ತಾರೆ, ಪಾವ್‌ಭಾಜಿ ಬಟ್ಟೆ ಮಿಲ್ ಕಾರ್ಮಿಕರಿಗೆ ಅಂತ ಹುಟ್ಟಿದ್ದು, ಇದೆಲ್ಲ ಬಾಯಿಪಾಠ. ಆದ್ರೆ ಅವನಿಗೆ ಒಂದು ನೋವಿತ್ತು, ಹೇಳುವಾಗ ದನಿ ನಡುಗ್ತು. "ಅಲ್ಲಿ ಮೈಸೂರ್ ಮಸಾಲಾ ಅಂತ ಒಂದು ದೋಸೆ ಇದೆಯಂತೆ ಗುರು. ವಿಡಿಯೋ ನೋಡ್ದೆ. ಕೆಂಪು ಚಟ್ನಿ ಹಚ್ಚಿದ, ಸರಿ. ಬೆಣ್ಣೆ ಹಾಕ್ದ, ಸಂತೋಷ. ಆಮೇಲೆ ಬೀಟ್ರೂಟ್ ಹಾಕ್ದ, ಟೊಮೆಟೊ ಹಾಕ್ದ, ಕ್ಯಾಪ್ಸಿಕಂ ಹಾಕ್ದ, ಪಾವ್‌ಭಾಜಿ ಮಸಾಲೆ ಹಾಕಿ ಕಾವಲಿ ಮೇಲೇ ಕಟಕಟಕಟ ಅಂತ ಜಜ್ಜಿದ. ನಾನು ಮೊಬೈಲ್ ಕೆಳಗಿಟ್ಬಿಟ್ಟೆ."

"ಪಲ್ಯ ಇಲ್ಲದ್ದು ಬೇಕಾದ್ರೆ ಮೈಸೂರ್ ಸಾದಾ ಅಂತ ಕೇಳಿ" ಅಂದ್ರು ಶೆಟ್ರು.

"ನಾನು ಮೈಸೂರಿನೋನು ಸ್ವಾಮಿ, ಮೈಸೂರ್ ಸಾದಾ ಅಂದ್ರೆ ನಾನೇ" ಅಂದ ಪುಟ್ಟಸ್ವಾಮಿ. "ನಮ್ಮೂರ ಹೆಸರಲ್ಲಿ ಬೀಟ್ರೂಟ್ ಹಾಕೋಕೆ ಅವರಿಗೆ ಪರ್ಮಿಷನ್ ಕೊಟ್ಟೋರು ಯಾರು?"

ಶೆಟ್ರಿಗೆ ಅವನ ಮೇಲೆ ಕನಿಕರ ಬಂತು ಅನ್ಸುತ್ತೆ, ಒಲೆ ಸಣ್ಣ ಮಾಡಿ ಹೊರಗೆ ಬಂದು ನಮ್ಮ ಬೆಂಚಲ್ಲೇ ಕೂತ್ರು. ಮಾಟುಂಗಾಕ್ಕೆ ಹೋಗಿ ಅಂದ್ರು. ಅಲ್ಲಿ ಸ್ಟೇಷನ್ ಎದುರು ರಾಮ ನಾಯಕ್ ಬೋರ್ಡಿಂಗ್ ಉಂಟು, 1942ರದ್ದು, ಬಾಳೆಲೆ ಊಟ, ಸಾರು ಹುಳಿ ಪಲ್ಯ ಎಲ್ಲ ಸರಿ ಇರ್ತದೆ, ಕ್ಯೂ ನಿಲ್ಬೇಕು. ಸಂಬಳ ಬಂದ ಭಾನುವಾರ ಫೋರ್ಟಿಂದ ಅಲ್ಲಿಗೆ ಹೋಗ್ತಿದ್ರಂತೆ. "ವಾರ ಇಡೀ ಬೇರೆಯವರಿಗೆ ಬಡಿಸಿದವ ನಾನು, ಆವತ್ತು ಮಾತ್ರ ಯಾರಾದ್ರೂ ನನಗೆ ಬಡಿಸ್ಲಿ ಅಂತ" ಅಂದ್ರು. ಸ್ವಲ್ಪ ಹೊತ್ತು ಯಾರೂ ಮಾತಾಡ್ಲಿಲ್ಲ, ಮಹೇಶ ಮಾತ್ರ ಬಿಸ್ಕತ್ತು ಅದ್ದೋದನ್ನ ಮರೆತು ಅದು ಗ್ಲಾಸಲ್ಲಿ ಮುಳುಗಿಹೋಯ್ತು.

"ಅಲ್ಲೇ ಮಾಟುಂಗಾದಲ್ಲಿ ಮೈಸೂರ್ ಅಸೋಸಿಯೇಷನ್ನೂ ಇದೆ, 1926ರದ್ದು" ಅಂತ ನಾನು ಸೇರಿಸ್ದೆ.

ನಾಗ ಲೆಕ್ಕ ಹಾಕ್ದ. "ಅಂದ್ರೆ ಮೈಸೂರಿಂದ ಶರಾವತಿ ಎಕ್ಸ್‌ಪ್ರೆಸ್ ಹತ್ತಿ ಹುಬ್ಬಳ್ಳಿ ಬೆಳಗಾವಿ ಮೀರಜ್ ಪುಣೆ ಎಲ್ಲ ಸುತ್ತಿ, ಒಂದು ಹಗಲು ಒಂದು ರಾತ್ರಿ ಕೂತ್ಕೊಂಡು ಹೋಗಿ, ದಾದರಲ್ಲಿ ಇಳಿದು, ಮೈಸೂರ್ ಅಸೋಸಿಯೇಷನ್ ನೋಡಿ ಉಡುಪಿ ಊಟ ಮಾಡೋದು."

"ಸೂಪರ್ ಅಲ್ವಾ" ಅಂದ ಪುಟ್ಟಸ್ವಾಮಿ.

ಶೆಟ್ರು ಹಾಳೇನ ಕೈಗೆ ತಗೊಂಡು ಮೇಲಿಂದ ಕೆಳಗೆ ಒಂದು ಸಲ, ಕೆಳಗಿಂದ ಮೇಲೆ ಒಂದು ಸಲ ನೋಡಿದ್ರು. "ಅಲ್ಲ ಮಾರಾಯ್ರೆ, ಹಲ್ಲುಜ್ಜುವ ಟೈಮ್ ಉಂಟು, ತಿಂಗಳು ಇಲ್ಲ. ಹೋಗುದು ಯಾವಾಗ?"

ನಾಗ ಇದಕ್ಕೇ ಕಾಯ್ತಿದ್ದ ಅನ್ನೋ ಹಂಗೆ ಕಾಲರ್ ಎತ್ತಿದ. "ಜುಲೈ, ಎರಡನೇ ವಾರ. ಈ ರೇಟು ಬೇರೆ ಯಾವ ತಿಂಗಳಲ್ಲೂ ಸಿಗಲ್ಲ ಶೆಟ್ರೆ, ಕಣ್ಣಿಗೆ ಎಣ್ಣೆ ಬಿಟ್ಕೊಂಡು ಹುಡುಕಿದ್ದೀನಿ."

ಶೆಟ್ರು ಎದ್ದು ಹೋಗಿ ಗ್ಯಾಸ್ ಆಫ್ ಮಾಡಿದ್ರು. ವ್ಯಾಪಾರದ ಟೈಮಲ್ಲಿ ಅವರು ಗ್ಯಾಸ್ ಆಫ್ ಮಾಡಿದ್ದು ನಾನು ನೋಡಿರೋದು ಅದೇ ಮೊದಲು. ಕಿವಿ ಮೇಲಿಂದ ಪೆನ್ಸಿಲ್ ತೆಗೆದು ಕೂತ್ರು. ಎಲಿಫೆಂಟಾ, ಕಡಲು ಕೆರಳಿದ್ರೆ ಬೋಟ್ ಬಿಡುದಿಲ್ಲ, ಹೊಡೆದ್ರು. ಮರೀನ್ ಡ್ರೈವಲ್ಲಿ ಕಾಲು ಇಳಿಬಿಟ್ಟು ಕೂರೋದು ಸಂಜೆ 6ರಿಂದ 7:10, ಅಲೆ ಗೋಡೆ ಹಾರಿ ರಸ್ತೆಗೆ ಬೀಳ್ತದೆ, ಹೊಡೆದ್ರು. ಜುಹೂ ಬೀಚಲ್ಲಿ ಸ್ನಾನ, ಹೊಡೆದ್ರು. ಹಾಜಿ ಅಲಿ, ಹೊಡೆದ್ರು. ಲೋಕಲ್ ಟ್ರೇನಿಗೆ ಮಾತ್ರ ಗೀಟು ಹಾಕ್ಲಿಲ್ಲ, ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ, ಹಳಿ ಮೇಲೆ ನೀರು ನಿಂತ್ರೆ ಅದು ಎಲ್ಲಿ ನಿಲ್ಲುತ್ತೋ ಅಲ್ಲೇ ನಿಮ್ಮ ಸ್ಟೇಷನ್ನು. 2005ರ ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಿತ್ತು ಅಂತ ನನಗೆ ಆಗ ನೆನಪಾಯ್ತು, ನಮ್ಮ ಮೈಸೂರಿಗೆ ವರ್ಷಪೂರ್ತಿ ಅಷ್ಟು ಬೀಳಲ್ಲ. ಹೇಳ್ಬಾರ್ದಿತ್ತು, ಹೇಳ್ಬಿಟ್ಟೆ.

"ರೂಮ್ ಕ್ಯಾನ್ಸಲ್ ಮಾಡೋ" ಅಂದ ಮಹೇಶ.

"ಆಗಲ್ಲ. ಕ್ಯಾನ್ಸಲ್ ಮಾಡಿದ್ರೆ ಒಂದು ಪೈಸೆ ವಾಪಸ್ ಬರಲ್ಲ. ಅದಕ್ಕೇ ಇನ್ನೂ ಕಮ್ಮಿಗೆ ಕೊಟ್ರು."

"ರೈಲ್ ಟಿಕೆಟ್?"

"ಅದು 60 ದಿನ ಮುಂಚೆ ತಾನೆ ಬಿಡೋದು. ಇನ್ನೂ ಮಾಡಿಲ್ಲ."

ಪುಟ್ಟಸ್ವಾಮಿ ಹಾಳೇನ ತನ್ನ ಕಡೆ ಎಳ್ಕೊಂಡು ಬೆರಳಿಟ್ಟು ಹುಡುಕಿದ. ಪೆನ್ಸಿಲ್ ಗೀಟೂ ಪ್ರಶ್ನೆ ಚಿಹ್ನೇನೂ ಇಲ್ಲದೆ ಉಳಿದಿದ್ದು ಎರಡೇ ಸಾಲು, ಹಲ್ಲುಜ್ಜೋದು ಮತ್ತೆ ಊಟ. "ಸಾಕಲ್ಲ" ಅಂದ, ಅವನ ಮುಖದಲ್ಲಿ ಅಂಥ ನೆಮ್ಮದಿ ನಾನು ಯಾವತ್ತೂ ನೋಡಿರ್ಲಿಲ್ಲ.

ನಾಗ ಏನೂ ಮಾತಾಡದೆ ಶೀಟಿನ ಕೊನೇಲಿ ಹೊಸದೊಂದು ಸಾಲು ಬರೆದ. ಛತ್ರಿ, 4. ಒಂದು ನಿಮಿಷ ಹಂಗೇ ನೋಡ್ತಾ ಕೂತು, 4 ಹೊಡೆದು 2 ಮಾಡ್ದ.