ಸರ್ಜಾಪುರ ರೋಡಲ್ಲಿ ಪ್ರೀ-ಲಾಂಚ್ ಫ್ಲ್ಯಾಟು, 5 ಲಕ್ಷ ಕಟ್ಬಹುದಾ?

ಬಾಡಿಗೆ_ಸಾಕಾಯ್ತು:
ಹೊಸ ಪ್ರಾಜೆಕ್ಟು, 2 ಬಿಎಚ್‌ಕೆ, 92 ಲಕ್ಷ ಹೇಳ್ತಿದಾರೆ. ಪಾಯಾನೂ ತೆಗೆದಿಲ್ಲ ಇನ್ನ, ಆದ್ರೆ ಸೇಲ್ಸ್ ಹುಡುಗ ದಿನಾ ಫೋನ್ ಮಾಡಿ ಭಾನುವಾರ ಆದ್ಮೇಲೆ ರೇಟ್ ಏರತ್ತೆ ಸರ್, 5 ಲಕ್ಷ ಹಾಕಿ ಬ್ಲಾಕ್ ಮಾಡ್ಕೊಳಿ ಅಂತಾನೆ. ರೇರಾ (ರಿಯಲ್ ಎಸ್ಟೇಟ್ ಪ್ರಾಧಿಕಾರ) ನೋಂದಣಿ ನಂಬರ್ ಕೇಳಿದ್ರೆ "ಅಪ್ಲೈ ಆಗಿದೆ, ಬರತ್ತೆ". ಏನ್ಮಾಡ್ಲಿ? ಮನೆಯವ್ರಿಗೆ ಕ್ಲಬ್‌ಹೌಸ್ ಫೋಟೋ ನೋಡಿನೇ ಮನಸ್ಸಾಗ್ಬಿಟ್ಟಿದೆ.

ಕಡತ_ಪ್ರಿಯ:
ಬೇಡ ಗುರು. ನಂಬರ್ ಬರೋಕ್ ಮುಂಚೆ ಬುಕಿಂಗ್ ತಗೊಳೋದಿರ್ಲಿ, ಜಾಹೀರಾತು ಕೊಡೋದೂ 2016ರ ರೇರಾ ಕಾಯ್ದೆ ಪ್ರಕಾರ ತಪ್ಪು. ನಂಬರ್ ಬಂದ್ಮೇಲೂ ಅಗ್ರಿಮೆಂಟ್ ರಿಜಿಸ್ಟರ್ ಆಗ್ದೆ 10%ಗಿಂತ ಜಾಸ್ತಿ ಕೇಳಂಗಿಲ್ಲ. ಆಮೇಲೆ ಜಾಗದ ಸರ್ವೆ ನಂಬರ್ ಇಸ್ಕೊಂಡು ಸರ್ಕಾರದ ದಿಶಾಂಕ್ ಆ್ಯಪಲ್ಲಿ ಹಾಕಿ ನೋಡಿ, ಖರಾಬು (ಸಾಗುವಳಿಗೆ ಬಾರದ ಜಾಗ), ಹಳ್ಳ, ಕೆರೆ ಏನಾದ್ರೂ ಪಕ್ಕದಲ್ಲಿದ್ರೆ ಅಲ್ಲೇ ಗೊತ್ತಾಗತ್ತೆ, ಬ್ರೋಷರಲ್ಲಿ ಅದನ್ನೇ "ಲೇಕ್ ವ್ಯೂ" ಅಂತ ಹಾಕಿರ್ತಾರೆ ಬಿಡಿ 😄 ಬ್ಯಾಂಕ್ ಅಪ್ರೂವ್ಡ್ ಅಂದ್ರೆ ನಂಬ್ಕೊಂಡು ಕೂರ್ಬೇಡಿ, ಮದರ್ ಡೀಡು (ಜಾಗದ ಮೂಲ ಪತ್ರ), 30 ವರ್ಷದ ಇಸಿ (ಜಾಗದ ಮೇಲಿನ ಸಾಲ, ವ್ಯವಹಾರ ತೋರ್ಸೋ ಋಣಭಾರ ಪತ್ರ), ಡಿಸಿ ಕನ್ವರ್ಷನ್ನು (ಕೃಷಿ ಜಮೀನನ್ನ ಬೇರೆ ಬಳಕೆಗೆ ಬದಲಾಯಿಸಿದ ಆದೇಶ) ಎಲ್ಲಾ ನಿಮ್ದೇ ಲಾಯರ್ ಹತ್ರ ತೋರಿಸಿ, ಬಿಲ್ಡರ್ ಹೇಳಿದ ಲಾಯರ್ ಅಲ್ಲ.

ಟ್ಯಾಂಕರ್_ನಿವಾಸಿ:
ನಮ್ದು ವೈಟ್‌ಫೀಲ್ಡ್ ಕಡೆ. ಕೀ ಕೊಟ್ರು, ಪೂಜೆ ಮಾಡಿ ಹಾಲುಕ್ಕಿಸಿ ಒಳಗೂ ಬಂದ್ವಿ, ಓಸಿ (ಕಟ್ಟಡದಲ್ಲಿ ವಾಸ ಮಾಡ್ಬಹುದು ಅನ್ನೋ ಅಧಿಕೃತ ಪತ್ರ) ಮಾತ್ರ ಇವತ್ತಿಗೂ ಇಲ್ಲ. ಕರೆಂಟು ಟೆಂಪರರಿ ಕನೆಕ್ಷನ್ನಲ್ಲೇ ನಡೀತಿದೆ, ಯೂನಿಟ್ ರೇಟು ಜಾಸ್ತಿ, ನೀರು ಪೂರ್ತಿ ಟ್ಯಾಂಕರು, 2024ರ ಬೇಸಿಗೇಲಿ ಬೋರ್ ಬತ್ತಿ ಬೆಳಗ್ಗೆ ಒಂದ್ಗಂಟೆ ಸಂಜೆ ಒಂದ್ಗಂಟೆ ಬಿಡೋರು. ಈಗ ಓಸಿ ಇಲ್ದೆ ಕರೆಂಟು, ನೀರಿನ ಕನೆಕ್ಷನ್ ಕೊಡಬಾರ್ದು ಅಂತ ಸುಪ್ರೀಂ ಕೋರ್ಟೇ 2024ರ ಡಿಸೆಂಬರಲ್ಲಿ ಹೇಳಿದೆ. ಬಿಲ್ಡರ್ ಕೇಳಿದ್ರೆ "ಪ್ರೋಸೆಸ್ಸಲ್ಲಿದೆ". ಕಾವೇರಿ ನೀರು ಬರತ್ತೆ ಅಂದ್ರೆ ಯಾವಾಗ ಅಂತ ಬರೆಸ್ಕೊಳಿ.

ಲೆಕ್ಕದ_ಪುಸ್ತಕ:
92 ಅಂದ್ರೆ 92 ಅಲ್ಲ ಸರ್. ಕಟ್ತಿರೋ ಫ್ಲ್ಯಾಟಿಗೆ ಜಿಎಸ್‌ಟಿ 5%, ಸ್ಟ್ಯಾಂಪ್ ಡ್ಯೂಟಿ ಸೆಸ್ಸು ಸರ್‌ಚಾರ್ಜು ಸೇರಿ ಸುಮಾರು 5.6%, ರಿಜಿಸ್ಟ್ರೇಷನ್ ಫೀ 1% ಇದ್ದಿದ್ದು 2025ರ ಆಗಸ್ಟ್ 31ರಿಂದ 2%. ಇಷ್ಟಕ್ಕೇ ಹನ್ನೊಂದೂವರೆ ಲಕ್ಷ ದಾಟತ್ತೆ, ಪಾರ್ಕಿಂಗು, ಕಾರ್ಪಸ್ ಫಂಡು (ಮುಂದಿನ ನಿರ್ವಹಣೆಗೆ ಕೂಡಿಡೋ ದುಡ್ಡು) ಬೇರೆ. ಓಸಿ ಬಂದಿರೋ ರೆಡಿ ಫ್ಲ್ಯಾಟಾದ್ರೆ ಜಿಎಸ್‌ಟಿ ಇಲ್ಲ. ರೇಟು ಕೇಳೋವಾಗ ಕಾರ್ಪೆಟ್ ಏರಿಯಾ (ಮನೆ ಒಳಗಿನ ಜಾಗ ಮಾತ್ರ) ಲೆಕ್ಕದಲ್ಲೇ ಕೇಳಿ, ಸೂಪರ್ ಬಿಲ್ಟಪ್ಪಲ್ಲಿ ಲಿಫ್ಟು ಮೆಟ್ಟಿಲು ಎಲ್ಲಾ ಸೇರಿಸಿರ್ತಾರೆ.

ಬಾಡಿಗೆ_ಸಾಕಾಯ್ತು:
ಥ್ಯಾಂಕ್ಸ್ ಎಲ್ರಿಗೂ. ಸರ್ವೆ ನಂಬರ್ ಕೇಳಿ ಮೆಸೇಜ್ ಹಾಕ್ದೆ, ಬ್ಲೂ ಟಿಕ್ ಬಂದಿದೆ, ಉತ್ತರ ಇಲ್ಲ. ದುಡ್ಡಂತೂ ಕಟ್ಟಲ್ಲ. ಲೀಗಲ್ ಒಪೀನಿಯನ್‌ಗೆ ಲಾಯರ್ ಸಾಮಾನ್ಯವಾಗಿ ಎಷ್ಟು ತಗೋತಾರೆ?