6 ವರ್ಷದ ಮಗಳು, 3 ವರ್ಷದ ಮಗನ್ನ ಹೊಳೆಗೆ ಮೀನು ಹಿಡಿಯೋಕೆ ಕರ್ಕೊಂಡು ಹೋಗ್ಬಹುದಾ?

ತುಮ್ಕೂರ್_ಅಪ್ಪ:
ಎಲ್ರಿಗೂ ನಮಸ್ಕಾರ. ನಾವಿರೋದು ತುಮಕೂರು ಟೌನಲ್ಲಿ. ಹೆಂಡ್ತಿ ತವರು ಕುಣಿಗಲ್ ತಾಲೂಕು, ಮಾರ್ಕೋನಹಳ್ಳಿ ಡ್ಯಾಮಿಂದ ಸ್ವಲ್ಪ ಕೆಳಗೆ, ಮನೆಯಿಂದ ಶಿಂಷಾ ಹೊಳೆಗೆ ನಡ್ಕೊಂಡೇ ಹೋಗ್ಬಹುದು. ದಸರಾ ರಜೆಗೆ ಅಲ್ಲಿಗೆ ಹೋಗ್ತಿದೀವಿ. ಮಗಳಿಗೆ 6, ಮಗನಿಗೆ 3. ನಾನು ಚಿಕ್ಕವನಿದ್ದಾಗ ನಮ್ಮಪ್ಪ ಸೈಕಲ್ ಬಾರ್‌ಗೆ ಟವಲ್ ಸುತ್ತಿ ನನ್ನ ಕೂರಿಸ್ಕೊಂಡು ಕೆರೆಗೆ ಕರ್ಕೊಂಡು ಹೋಗೋರು, ನವಿಲುಗರಿ ಕಡ್ಡಿನೇ ಬೆಂಡು, ಅದು ಒಂದ್ಸಲ ಕುಣಿದು ಪುಳಕ್ ಅಂತ ಮುಳುಗಿದ್ರೆ ಎದೆ ಢವಢವ ಅನ್ನೋದು. ಅಪ್ಪ ತೀರ್ಕೊಂಡು 4 ವರ್ಷ ಆಯ್ತು, ಅವ್ರ ಬಿದಿರು ಗಳ ಇನ್ನೂ ಅಟ್ಟದ ಮೇಲಿದೆ. ಮಕ್ಳಿಗೂ ಒಂದ್ಸಲ ಅದನ್ನ ಕೈಗೆ ಕೊಡ್ಬೇಕು ಅಂತ ಬಹಳ ಆಸೆ.

ಹೆಂಡ್ತಿ, ಅತ್ತೆ ಇಬ್ರೂ ನೀರಿನ ಹತ್ರ ಬೇಡವೇ ಬೇಡ ಅಂತಿದಾರೆ. ಮಾವ ಜೊತೆಗೆ ಬರ್ತೀನಿ ಅಂದ್ರು ಆದ್ರೆ ಅವ್ರಿಗೆ ಮಂಡಿ ನೋವು. ಇಷ್ಟು ಚಿಕ್ಕ ಮಕ್ಳನ್ನ ಕರ್ಕೊಂಡು ಹೋದೋರು ಯಾರಾದ್ರೂ ಇದ್ರೆ ಹೇಗೆ ನೋಡ್ಕೊಂಡ್ರಿ, ಎಷ್ಟೊತ್ತು ಇದ್ರಿ, ಏನೇನು ತಗೊಂಡು ಹೋಗ್ಬೇಕು ಹೇಳಿ.

ಹೊಳೆದಂಡೆ_ಕುಣಿಗಲ್:
ಸರ್, ಮೊದ್ಲು ಜಾಗದ ಬಗ್ಗೆ ಹೇಳ್ತೀನಿ, ಉಳಿದಿದ್ದು ಆಮೇಲೆ. ಡ್ಯಾಮಿಂದ ಕೆಳಗಿನ ಹೊಳೆಗೆ ದಸರಾ ಟೈಮಲ್ಲಿ ಮಕ್ಳನ್ನ ದಯವಿಟ್ಟು ಇಳಿಸ್ಬೇಡಿ. ಮಾರ್ಕೋನಹಳ್ಳಿಲಿ ಇರೋದು ಸೈಫನ್, ಅಂದ್ರೆ ಹೆಚ್ಚಾದ ನೀರನ್ನ ಎಳೆದು ಹೊರಗೆ ಹಾಕೋ ಬಾಗಿದ ಕೊಳವೆ, ಮಹಾರಾಜರ ಕಾಲದ್ದು, ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಅದು ಬೇರೆ ಡ್ಯಾಮ್ ತರ ಯಾರೋ ಗೇಟ್ ಎತ್ತಿ ನೀರು ಬಿಡೋದಲ್ಲ. ನೀರು ಮಟ್ಟ ದಾಟಿದ್ರೆ ಒಳಗಿನ ಗಾಳಿ ಹೊರಗೆ ಹೋಗಿ ಸೈಫನ್ ತಾನಾಗೇ ನೀರು ಎಳೆಯೋಕೆ ಶುರು ಮಾಡುತ್ತೆ, ಅದೂ ಕೆರೆ ಕೋಡಿ ತರ ಮೊದ್ಲು ತೆಳ್ಳಗೆ ಆಮೇಲೆ ಜೋರಾಗಿ ಅಲ್ಲ, ಒಂದೇ ಸಲ. ಕೆಳಗೆ ಮೊಣಕಾಲುದ್ದ ನೀರಲ್ಲಿ ಆರಾಮಾಗಿ ನಿಂತಿರೋರಿಗೆ ದಡ ಹತ್ತೋಕೂ ಟೈಮ್ ಸಿಗಲ್ಲ. 2025ರ ಅಕ್ಟೋಬರಲ್ಲಿ ಪಿಕ್‌ನಿಕ್‌ಗೆ ಬಂದಿದ್ದ ಕುಟುಂಬದೋರು ಇಲ್ಲೇ ಕೊಚ್ಕೊಂಡು ಹೋಗಿದ್ದು, ಮಕ್ಳೂ ಇದ್ರು. ಆ ಸುದ್ದಿ ನೆನೆದ್ರೆ ಇವತ್ತಿಗೂ ನಂಗೆ ಊಟ ಸೇರಲ್ಲ.

ನಿಮ್ಮೂರಲ್ಲಿ ಬಿಸಿಲು ಕಾಯ್ತಿದ್ರೂ ನಂಬಕ್ಕಾಗಲ್ಲ. ಶಿಂಷಾ ಹುಟ್ಟೋದು ಅಲ್ಲಿ ದೇವರಾಯನದುರ್ಗದ ಬೆಟ್ಟದಲ್ಲಿ, ರಾತ್ರಿ ಮೇಲೆಲ್ಲೋ ಮಳೆ ಹೊಡೆದಿದ್ರೆ ಆ ನೀರು ಮಾರನೇ ದಿನ ಕೆಳಗೆ ಬಂದಿರುತ್ತೆ. ಅತ್ತೆಯವ್ರು ಆ ಊರಲ್ಲೇ ಬಾಳಿದೋರು, ಸುಮ್ನೆ ಹೇಳ್ತಿಲ್ಲ ಅವ್ರು.

ಮೀನು ಹಿಡಿಯೋದು ಬಿಡಿ ಅಂತ ಹೇಳ್ತಿಲ್ಲ. ಊರ ಹತ್ರ ಸಣ್ಣ ಕೆರೆನೋ ಕಟ್ಟೆನೋ ಇದ್ದೇ ಇರುತ್ತೆ, ಸೋಪಾನ ಇರೋ ಕಡೆ ಕೂತ್ಕೊಳ್ಳಿ. ಕೋಡಿ ಹತ್ರ ಮಾತ್ರ ಹೋಗ್ಬೇಡಿ.

ಇಬ್ರಮ್ಮ_ಶಿರಾ:
ನಾನು ಹೇಳೋದು ಒಂದೇ ಅಣ್ಣ, ಗಾಳ ಹಿಡ್ಕೊಂಡೋರು ಮಗು ನೋಡಕ್ಕಾಗಲ್ಲ. ಇದು ನಮ್ಮನೇಲೇ ಆಗಿದ್ದು. ನಮ್ಮೆಜಮಾನ್ರು ಬಹಳ ಜವಾಬ್ದಾರಿ ಮನುಷ್ಯ, ಆದ್ರೂ ಬೆಂಡು ಅಲ್ಲಾಡ್ತು ಅಂತ ಕಣ್ಣು ಅಲ್ಲೇ ಇಟ್ರು, ಅಷ್ಟರಲ್ಲಿ ನನ್ನ ಎರಡನೇದು ಚಪ್ಪಲಿ ತೊಳಿತೀನಿ ಅಂತ ಮೆಟ್ಟಿಲಿಳಿದು ಸೊಂಟದವರೆಗೆ ನೀರಲ್ಲಿತ್ತು. ಒಂದು ಸದ್ದಿಲ್ಲ. ಮಕ್ಳು ಮುಳುಗೋವಾಗ ಕೂಗ್ತಾರೆ, ಕೈ ಬಡೀತಾರೆ, ನಮ್ಗೆ ಕೇಳ್ಸುತ್ತೆ ಅಂತ ಅಂದ್ಕೊಂಡಿರ್ತೀವಿ, ಬಾಯಿ ನೀರಲ್ಲಿದ್ರೆ ಕೂಗೋದೆಲ್ಲಿಂದ ಬರುತ್ತೆ. ನಾನು ತಿರುಗಿ ನೋಡಿದ್ದಕ್ಕೆ ಉಳೀತು, ಇಲ್ಲಾಂದ್ರೆ ಇವತ್ತು ಇದನ್ನ ಬರೀತಿರ್ಲಿಲ್ಲ.

ಅವತ್ತಿಂದ ನಮ್ಮನೇಲಿ ಒಂದು ಮಗುಗೆ ಒಬ್ರು ದೊಡ್ಡೋರು, ಅವ್ರ ಕೈಲಿ ಗಾಳನೂ ಇರಲ್ಲ ಮೊಬೈಲೂ ಇರಲ್ಲ. ಮಾವನೋರಿಗೆ ಮಂಡಿ ನೋವು ಅಂತೀರಾ, ಹಾಗಿದ್ರೆ 3 ವರ್ಷದೋನ ಹಿಂದೆ ಅವ್ರು ಓಡಕ್ಕಾಗುತ್ತಾ ಯೋಚ್ನೆ ಮಾಡಿ. ಗಾಳನ ಅವ್ರ ಕೈಗೆ ಕೊಟ್ಟು ನೀವು ಮಕ್ಳನ್ನ ನೋಡ್ಕೊಳ್ಳಿ.

ಬಟ್ಟೆ ಕೇಸರಿನೋ ಕಣ್ಣು ಕುಕ್ಕೋ ಹಳದಿನೋ ಹಾಕಿ, ನೀಲಿ ಬಿಳಿ ಹಸಿರು ಬೇಡ, ನೀರೊಳಗೆ ಹೋದ್ರೆ ಕಾಣ್ಸಲ್ಲ. ಲೈಫ್ ಜಾಕೆಟ್ ಮಗು ತೂಕಕ್ಕೆ ಸರಿಯಾಗಿರೋದು ನೋಡಿ ತಗೊಳ್ಳಿ, ಕಾಲ ಮಧ್ಯೆ ಬೆಲ್ಟ್ ಇರೋದೇ ಇರ್ಲಿ, ಇಲ್ಲಾಂದ್ರೆ ಕುತ್ತಿಗೆ ಮೇಲಕ್ಕೆ ಜಾರುತ್ತೆ. ತೋಳಿಗೆ ಹಾಕೋ ಗಾಳಿ ಬ್ಯಾಂಡ್ ನಂಬ್ಬೇಡಿ.

ಎಷ್ಟೊತ್ತು ಅಂತ ಕೇಳಿದ್ರಿ, ಒಂದು ಗಂಟೆ ಸಾಕು. ನಮ್ಮವು 20 ನಿಮಿಷಕ್ಕೇ ಬೆಂಡು ಬಿಟ್ಟು ಎರೆಹುಳದ ಡಬ್ಬಿ ಹಿಡ್ಕೊಂಡು ಕೂತವು, ಹುಳಕ್ಕೆಲ್ಲ ಹೆಸರಿಟ್ರು. ಮನೆ ಹಿತ್ತಲಲ್ಲಿ ಹಸಿ ಮಣ್ಣು ಕೆದಕಿ ಎರೆಹುಳ ಹುಡುಕೋದೇ ಅವಕ್ಕೆ ಅರ್ಧ ಹಬ್ಬ, ಅದನ್ನ ಅವ್ರ ಕೈಲೇ ಮಾಡ್ಸಿ. ಚಿತ್ರಾನ್ನ, ಕಡ್ಲೆಪುರಿ, ಕುಡಿಯೋ ನೀರು, ಒಂದೊಂದು ಜೊತೆ ಒಣ ಬಟ್ಟೆ ಇಟ್ಕೊಳ್ಳಿ.

ಜಯಮಂಗಲಿ_ಹುಡ್ಗ:
ಕೊರಟಗೆರೆ ಕಡೆಯೋನು ನಾನು. ಮೇಲಿನ ಇಬ್ರೂ ಹೇಳಿದ್ದು ನೂರಕ್ಕೆ ನೂರು ಸರಿ. ಇನ್ನೊಂದು ಸೇರಿಸ್ತೀನಿ, ನಮ್ಮ ಕಡೆ ಹೊಳೆ ತಳ ನಂಬೋ ಹಾಗೇ ಇಲ್ಲ. ಜಯಮಂಗಲಿ ವರ್ಷದಲ್ಲಿ ಬಹಳ ದಿನ ಒಣಗೇ ಇರುತ್ತೆ, ಆವಾಗ ಮರಳು ತೆಗ್ದು ತೆಗ್ದು ಆಳೆತ್ತರ ಗುಂಡಿ ಬಿಟ್ಟಿರ್ತಾರೆ. 2022ರ ಮಳೆಗೆ ಹೊಳೆ ತುಂಬಿ ಬಂತಲ್ಲ, ನೀರು ಇಳಿದ್ಮೇಲೆ ನೋಡಿದ್ರೆ ಮೇಲೆ ಸಮ, ಒಂದು ಹೆಜ್ಜೆ ಮೊಣಕಾಲಿಗೆ, ಮುಂದಿನ ಹೆಜ್ಜೆ ತಲೆ ಮುಳುಗುತ್ತೆ. ಕೆರೆಲೂ ಗೋಡು ಮಣ್ಣು ಹೊಡ್ಕೊಂಡು ಹೋಗಿರೋ ಗುಂಡಿ ಇರ್ತವೆ, ಆದ್ರಿಂದ ಬೇಸಿಗೆಲಿ ಆ ಕೆರೆ ಒಣಗಿದ್ದಾಗ ನೋಡಿರೋ ಊರೋರನ್ನ ಕೇಳ್ಕೊಂಡೇ ಕೂರೋ ಜಾಗ ಆರಿಸ್ಕೊಳ್ಳಿ.

ಆಮೇಲೆ ಕೆರೆ ಮೀನು ಟೆಂಡರ್ ಆಗಿರುತ್ತೆ, ಮರಿ ಬಿಟ್ಟೋರಿಗೆ ಒಂದು ಮಾತು ಕೇಳಿ. ಮಕ್ಳ ಜೊತೆ ಒಂದು ಗಂಟೆ ಕೂರ್ತೀವಿ, ಕಟ್ಲಾ ರೋಹು ಬಿದ್ರೆ ವಾಪಸ್ ಬಿಡ್ತೀವಿ ಅಂದ್ರೆ ಬೇಡ ಅನ್ನೋರು ಕಡ್ಮೆ. ಮಕ್ಳಿಗೆ ಜಿಲೇಬಿ ಮೀನೇ ಒಳ್ಳೇದು, ದಡದ ಹತ್ರನೇ ಇರುತ್ತೆ, ಎರೆಹುಳಕ್ಕೆ ಬೇಗ ಕಚ್ಚುತ್ತೆ. ಬೆನ್ನ ಮೇಲಿನ ಮುಳ್ಳು ಚುಚ್ಚುತ್ತೆ, ತಲೆ ಕಡೆಯಿಂದ ಹಿಂದಕ್ಕೆ ಸವರಿ ಹಿಡಿಯೋದು ಕಲಿಸಿ. ಮೀಸೆ ಇರೋ ಮೀನು ಬಿದ್ರೆ ಮಕ್ಳ ಕೈಗೆ ಕೊಡಲೇಬೇಡಿ, ಚೇಳು ಮೀನು ಚುಚ್ಚಿದ್ರೆ ದೊಡ್ಡೋರೇ ಅಳ್ತಾರೆ. ಚುಚ್ಚಿದ್ರೆ ತಡ್ಕೊಳ್ಳೋವಷ್ಟು ಬಿಸಿ ನೀರಲ್ಲಿ ಕೈ ಇಡಿ, ಉರಿ ಇಳಿಯುತ್ತೆ, ಆಮೇಲೆ ಡಾಕ್ಟರ್ ಹತ್ರ ತೋರ್ಸಿ.

ಗಾಳದ ತುದೀಲಿ ಹಿಂದಕ್ಕೆ ತಿರುಗಿರೋ ಸಣ್ಣ ಮುಳ್ಳಿರುತ್ತಲ್ಲ, ಅದನ್ನ ಕಟಿಂಗ್ ಪ್ಲೇಯರಲ್ಲಿ ಒತ್ತಿ ಚಪ್ಪಟೆ ಮಾಡ್ಬಿಡಿ. ಮಗು ಬೆರಳಿಗೆ ಸಿಕ್ರೂ ಬಂದ ದಾರೀಲೇ ಹೊರಗೆ ಬರುತ್ತೆ. ಎಸೆಯೋ ರಾಡ್ ಬೇಡ, ಹಿಂದೆ ನಿಂತಿರೋ ಮಗು ಕಣ್ಣಿಗೆ ಬಡಿಯುತ್ತೆ, ನಿಮ್ಮಪ್ಪನ ಬಿದಿರು ಗಳನೇ ಎಲ್ಲಾದಕ್ಕಿಂತ ಒಳ್ಳೇದು. ಏರಿ ಮೇಲೆ ಹುಲ್ಲು ಬೆಳ್ದಿದ್ರೆ ಕೋಲು ಬಡಿದು ಹೋಗಿ, ಕೊಳಕುಮಂಡಲ ಇರುತ್ತೆ, ಮಕ್ಳಿಗೆ ಶೂ ಹಾಕ್ಸಿ.

ತುಮ್ಕೂರ್_ಅಪ್ಪ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸೈಫನ್ ವಿಷ್ಯ ಓದಿ ಹೆಂಡ್ತಿಗೂ ತೋರಿಸ್ದೆ, ಹೊಳೆ ಬೇಡ ಅಂತ ಇಬ್ರೂ ಒಪ್ಕೊಂಡ್ವಿ. ಊರ ಪಕ್ಕದ ಕಟ್ಟೆಗೆ ಹೋಗ್ತೀವಿ, ಮಾವ ಅದು ಒಣಗಿದ್ದಾಗ ಒಳಗೆ ದನ ಕಾಯ್ದೋರು, ಯಾವ ಕಡೆ ಆಳ ಅಂತ ಗೊತ್ತಂತೆ. ಅಕ್ಕ, ಚಿಕ್ಕವನ್ನ ಮನೇಲೇ ಬಿಡೋದಾ? ಬಿಟ್ಟು ಹೋದ್ರೆ ಅಳ್ತಾನೆ.

ಇಬ್ರಮ್ಮ_ಶಿರಾ:
ಇನ್ನೊಬ್ರು ಗಟ್ಟಿ ಆಳು ಸಿಕ್ಕಿಲ್ಲಾಂದ್ರೆ ಈ ಸಲ ಬಿಟ್ಟು ಹೋಗಿ ಅಣ್ಣ. ಎರೆಹುಳ ತೆಗೆಯೋದ್ರಲ್ಲಿ ಅವನ್ನೂ ಸೇರಿಸ್ಕೊಳ್ಳಿ. ಬರೋವಾಗ ಬಕೆಟ್‌ನಲ್ಲಿ ಎರಡು ಮೀನು ಜೀವಂತ ತಂದು ತೋರ್ಸಿ, ಬೇರೆ ಏನೂ ಬೇಕಾಗಿಲ್ಲ ಅವನಿಗೆ.

ತುಮ್ಕೂರ್_ಅಪ್ಪ:
ಸರಿ ಅಕ್ಕ. ಹೆಂಡ್ತಿ ತಮ್ಮ ಬೆಂಗಳೂರಿಂದ ಶನಿವಾರ ಬರ್ತಾನಂತೆ, ಈಜು ಬರುತ್ತೆ ಅವನಿಗೆ. ಅವನು ಬಂದ್ರೆ ಇಬ್ರನ್ನೂ, ಬರ್ಲಿಲ್ಲಾಂದ್ರೆ ಮಗಳನ್ನ ಮಾತ್ರ. ಇವತ್ತು ಅಟ್ಟದಿಂದ ಗಳ ಇಳಿಸ್ದೆ, ಅಪ್ಪ ಸುತ್ತಿದ್ದ ದಾರ ಹಾಗೇ ಇದೆ. ದಾರ ಹೊಸದು ಹಾಕ್ಬೇಕು.