ಮನೆಯಲ್ಲಿ ತತ್ವಪದ, ಹೋರಾಟದ ಹಾಡಿನ ಬೈಠಕ್ ಇಟ್ಟವರು ಅನುಭವ ಹೇಳಿ

ಠಾಣೆ ಅಕ್ಕ
ಎಲ್ಲರಿಗೂ ನಮಸ್ಕಾರ. ನಮ್ಮದು ಠಾಣೆಯ ಘೋಡ್‌ಬಂದರ್ ರಸ್ತೆಯಲ್ಲಿ ಎರಡು ಬೆಡ್‌ರೂಮಿನ ಮನೆ. ಸೋಫಾ ತೆಗೆದರೆ ಹಾಲ್‌ನಲ್ಲಿ 25 ಜನ ಕೂರಬಹುದು. ನವೆಂಬರಿನಲ್ಲಿ ಕಲಬುರಗಿ ಕಡೆಯ ನಾಲ್ಕು ಜನರ ಮೇಳವನ್ನು ಕರೆಸಬೇಕು ಅಂತ ಆಸೆ. ತತ್ವಪದ ಹಾಡುತ್ತಾರೆ. ಸಾಲ, ಕುಡಿತ, ಜಾತಿ ಬಗ್ಗೆ ತಾವೇ ಕಟ್ಟಿದ ಹಾಡುಗಳೂ ಇವೆ. ದುಡ್ಡು ಮೊದಲೇ ತೆಗೆದುಕೊಳ್ಳಬೇಕಾ, ಜೋಳಿಗೆ ಹಿಡಿಯಬೇಕಾ? ಸೊಸೈಟಿಗೆ ಏನಂತ ಹೇಳಬೇಕು? ಮಾಡಿದವರು ದಯವಿಟ್ಟು ಹೇಳಿ.

ಡೊಂಬಿವಲಿ ಅಣ್ಣ
ಅಕ್ಕಾ, ನಾನು ಎರಡು ಸಲ ಮಾಡಿದ್ದೇನೆ. ಮೊದಲ ಸಲದ ಲೆಕ್ಕ ಇನ್ನೂ ಡೈರಿಯಲ್ಲಿದೆ. ಉದ್ಯಾನ್ ಎಕ್ಸ್‌ಪ್ರೆಸ್ ಕಲ್ಯಾಣದಲ್ಲಿ ನಿಲ್ಲುತ್ತದೆ, ಅಲ್ಲಿಂದ ನಮ್ಮ ಮನೆ ಹತ್ತಿರ, ಸುಲಭ ಅಂದುಕೊಂಡೆ. ನಾಲ್ಕು ವೇಟಿಂಗ್ ಟಿಕೆಟಿನಲ್ಲಿ ಎರಡೇ ಕನ್‌ಫರ್ಮ್ ಆದವು. ತತ್ಕಾಲೂ ಸಿಗಲಿಲ್ಲ. ಕೊನೆಗೆ ನಾಲ್ವರನ್ನೂ ಬಸ್ಸಿನಲ್ಲಿ ಕರೆಸಿದೆ. ಹೋಗಿ ಬರೋದಕ್ಕೆ 9,600. ಸಂಭಾವನೆ 20,000. ಊಟ 6,400. ಜಮಖಾನ, ಕುರ್ಚಿ ಬಾಡಿಗೆ 1,200. ಹಾರ್ಮೋನಿಯಂ ಬಸ್ಸಿನ ಡಿಕ್ಕಿಯಲ್ಲಿ ಕುಲುಕಿ ಎರಡು ಸ್ವರ ಸತ್ತವು, ರಿಪೇರಿಗೆ 1,800. ಒಟ್ಟು 39,000 ರೂಪಾಯಿ.

ಜೋಳಿಗೆಗೆ ಬಿದ್ದದ್ದು 11,300. ಬಂದವರು 38 ಜನ, ತಲೆಗೆ 500 ಹಾಕಿ ಅಂತ ಕೈಮುಗಿದು ಹೇಳಿದ್ದೆ. ಮನೆಮಂದಿಯೆಲ್ಲ ಬಂದು ಉಂಡು ನೂರು ರೂಪಾಯಿ ಹಾಕಿ ಹೋದವರಿದ್ದಾರೆ. ಉಳಿದ 27,700 ನನ್ನ ಕೈಯಿಂದ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಬೇರೆ. ಹಿರಿಯ ಹಾಡುಗಾರರು ಕಡೇ ಪದ ಹಾಡುವಾಗ ಅವರ ಕಣ್ಣು ಜೋಳಿಗೆ ಸುತ್ತುತ್ತಿದ್ದ ಕಡೆಗೇ ಇತ್ತು. ಅವತ್ತೇ ನಿರ್ಧಾರ ಮಾಡಿದೆ. ಎರಡನೇ ಸಲ ತಲೆಗೆ 700, ಮೊದಲೇ ಯುಪಿಐನಲ್ಲಿ. 31 ಜನ, 21,700 ಬಂತು. ಸಂಭಾವನೆಯ ಲಕೋಟೆಯನ್ನು ಏಕತಾರಿ ಶ್ರುತಿ ಮಾಡುವ ಮೊದಲೇ ಕೊಟ್ಟೆ. ಹಾಗೇ ಮಾಡಿ.

ಕೊತ್ರೂಡ್ ಹಲಗೆ
ನಿಮ್ಮದು ಏಕತಾರಿ, ದಮ್ಮಡಿ. ನಾನು ಕರೆಸಿದ್ದು ಹಲಗೆ ಮೇಳ, ಅದೂ ಪುಣೆಯ ಜುಲೈ ಮಳೆಯಲ್ಲಿ. ಥಂಡಿಗೆ ಚರ್ಮ ಸಡಿಲ ಆಗುತ್ತದೆ, ಬೆಂಕಿಗೆ ಕಾಯಿಸದೆ ನಾದ ಬರೋದಿಲ್ಲ. ಟೆರೇಸಿನ ಮಾಡಿನ ಕೆಳಗೆ ಕಬ್ಬಿಣದ ಬಾಣಲೆಯಲ್ಲಿ ತೆಂಗಿನ ನಾರು, ಪೇಪರ್ ಹಾಕಿ ಕಾಯಿಸಿದೆವು. ಹೊಗೆ ನೋಡಿ ವಾಚ್‌ಮನ್ ಓಡಿ ಬಂದ. ಮರುದಿನ ಕಮಿಟಿಯ ನೋಟಿಸ್, 5,000 ದಂಡ. ಕಟ್ಟಿದೆ. ಇವತ್ತು ಕೇಳಿದರೂ ಕಟ್ಟುತ್ತೇನೆ.

ಸುಡೋದು ಇನ್ನೊಂದು. ಊಟಕ್ಕೆ ಸ್ಟೀಲ್ ತಟ್ಟೆ ಕೊಡುತ್ತೇನೆ ಅಂತ ಒಪ್ಪಿದ್ದ ನೆರೆಮನೆಯವರು ಸಂಜೆ ಬಂದು, ಕಲಾವಿದರಿಗೆ ಬೇಕಾದರೆ ಪೇಪರ್ ಪ್ಲೇಟ್ ತರಿಸಿಕೊಳ್ಳಿ, ನಮ್ಮ ತಟ್ಟೆ ನಿಮ್ಮವರಿಗೆ ಮಾತ್ರ ಅಂದರು. ಮೇಳದ ಯಜಮಾನರು ಬಾಗಿಲಲ್ಲೇ ನಿಂತಿದ್ದರು. ಏನೂ ಅನ್ನಲಿಲ್ಲ. ರಾತ್ರಿ ಮೊದಲ ಹಾಡೇ ಊರಿನ ಹೋಟೆಲಿನಲ್ಲಿ ತಮಗಿಟ್ಟ ಬೇರೆ ಲೋಟದ ಮೇಲೆ ಎತ್ತಿಕೊಂಡರು. ಆ ತಟ್ಟೆಗಳನ್ನು ನಾನು ವಾಪಸ್ ಕಳಿಸಿದ್ದೆ. ಎಲ್ಲರೂ ಬಾಳೆ ಎಲೆಯಲ್ಲಿ ಉಂಡೆವು. ಅಕ್ಕಾ, ಲೆಕ್ಕಕ್ಕಿಂತ ಮೊದಲು ನಿಮ್ಮ ಮನೆಗೆ ಯಾರು ಬರುತ್ತಾರೆ, ಅವರು ಒಟ್ಟಿಗೆ ಕೂತು ಉಣ್ಣುತ್ತಾರಾ ನೋಡಿ.

ಮುಲುಂಡ್ ವಕೀಲ
ಮೈಕ್ ಇಲ್ಲದಿದ್ದರೆ ರಾತ್ರಿ ಎಷ್ಟು ಹೊತ್ತಾದರೂ ಹಾಡಬಹುದು ಅನ್ನೋದು ತಪ್ಪು. 2000ದ ಶಬ್ದ ಮಾಲಿನ್ಯ ನಿಯಮಗಳಿಗೆ 2010ರಲ್ಲಿ ತಿದ್ದುಪಡಿ ಆಯಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕದ ಜೊತೆ ವಾದ್ಯಗಳೂ ನಿರ್ಬಂಧದೊಳಗೆ ಬಂದವು. ವಸತಿ ಪ್ರದೇಶದಲ್ಲಿ ಹಗಲಿಗೆ 55 ಡೆಸಿಬಲ್, ರಾತ್ರಿಗೆ 45. ನಮ್ಮ ಮನೆಗೆ 10:20ಕ್ಕೆ ಪೊಲೀಸರು ಬಂದು ನಿಂತಾಗ ನಾನೇ ವಕೀಲನಾಗಿದ್ದೂ ತಲೆ ತಗ್ಗಿಸಬೇಕಾಯಿತು. ಸಂಜೆ 6ಕ್ಕೆ ಶುರು ಮಾಡಿ, 9ಕ್ಕೆ ಮುಗಿಸಿ. ಹಲಗೆಯನ್ನು ಫ್ಲ್ಯಾಟಿನೊಳಗೆ ಬಾರಿಸಲೇಬೇಡಿ.

ಕೊತ್ರೂಡ್ ಹಲಗೆ
ವಕೀಲರೇ, ಹಬ್ಬದ ದಿನ ನಮ್ಮ ಬೀದಿಯಲ್ಲಿ ಡಿಜೆ ಬಂದು ಕಿಟಕಿ ಗಾಜು ನಡುಗುತ್ತದೆ. ಆಗ 55 ಡೆಸಿಬಲ್ ಯಾರೂ ಅಳೆಯೋದಿಲ್ಲ. ಎರಡು ಹಲಗೆ ಬಂದ ಕೂಡಲೇ ಎಲ್ಲರಿಗೂ ಕಾನೂನು ನೆನಪಾಗುತ್ತದೆ. ಹಲಗೆ ಬಾರಿಸಲೇಬೇಡಿ ಅನ್ನೋ ಮಾತನ್ನು ದಯವಿಟ್ಟು ವಾಪಸ್ ತೆಗೆದುಕೊಳ್ಳಿ.

ಮುಲುಂಡ್ ವಕೀಲ
ನಾನು ವಾದ್ಯಕ್ಕೆ ಹೇಳಿದ್ದು, ಬಾರಿಸುವವರಿಗಲ್ಲ. ಮುಚ್ಚಿದ ಹಾಲ್‌ನಲ್ಲಿ ಹಲಗೆ ಬಾರಿಸಿದರೆ ಕೇಳುವವರ ಕಿವಿಗೇ ಪೆಟ್ಟು. ಮಾಟುಂಗಾದ ಮೈಸೂರು ಅಸೋಸಿಯೇಷನ್ 1926ರಿಂದ ಇದೆ. ಕನ್ನಡದವರ ಇಂಥ ಸಭಾಂಗಣಗಳು ಇರುವಾಗ ಅಲ್ಲಿ ಕೇಳಿ ನೋಡಿ ಅಂತ ನನ್ನ ಮಾತು.

ವಾಸ್ಕೋ ಕನ್ನಡಿಗ
ಸಭಾಂಗಣವೂ ಬೇಡ, ಫ್ಲ್ಯಾಟೂ ಬೇಡ. ಈ ಹಾಡುಗಳು ಯಾರಿಗೆ ಬೇಕೋ ಅವರು ನಿಮ್ಮ ಗೇಟಿನ ರಿಜಿಸ್ಟರಿನಲ್ಲಿ ಸಹಿ ಮಾಡಿ ಲಿಫ್ಟ್ ಹತ್ತಿ ಬರೋದಿಲ್ಲ. ನಾವು ಗೋವಾದ ಝುವಾರಿನಗರದಲ್ಲಿ ಕೂಲಿಯವರ ಬಾಡಿಗೆ ಕೋಣೆಗಳ ಮುಂದೆ ಮಾಡಿದೆವು. ಸವದತ್ತಿ ಕಡೆಯ ಐದು ಜನ ಹೆಣ್ಣುಮಕ್ಕಳು ಬಂದಿದ್ದರು, ಚೌಡಿಕೆ ಅನ್ನೋ ತಂತಿವಾದ್ಯ ಹಿಡಿದು ಹಾಡಿದರು. ಮುತ್ತು ಕಟ್ಟಬೇಡಿ, ಅಂದರೆ ಹೆಣ್ಣುಮಕ್ಕಳನ್ನು ದೇವದಾಸಿ ಬಿಡಬೇಡಿ ಅನ್ನೋದೇ ಅವರ ಹಾಡು. ದೇವದಾಸಿ ಬಿಡೋದನ್ನು ನಿಲ್ಲಿಸುವ ಕಾಯ್ದೆ ಕರ್ನಾಟಕದಲ್ಲಿ 1982ರಲ್ಲೇ ಬಂತು. ಆಮೇಲೂ ತಮಗೆ ಮುತ್ತು ಕಟ್ಟಿದರು ಅಂತ ಒಬ್ಬಾಕೆ ಹಾಡಿನ ಮಧ್ಯ ನಿಂತು ಹೇಳಿದಳು. ನನ್ನ ಪಕ್ಕ ಕೂತಿದ್ದ ತಾಯಿ ಮಗಳನ್ನು ಎದೆಗೆ ಒತ್ತಿಕೊಂಡಳು. ನಿಮ್ಮ ಹಾಲ್‌ನಲ್ಲಿ ಇದು ಆಗುತ್ತದಾ?

ನಮಗೂ ಕಷ್ಟ ಇತ್ತು. ಎರಡು ಸಲ ಕರೆಂಟ್ ಹೋಯಿತು. ಕೋಣೆಗಳ ಮಾಲೀಕ ಅರ್ಧಕ್ಕೆ ನಿಲ್ಲಿಸಿ ಅಂತ ಬಂದ. ಕೆಲವು ಗಂಡಸರು ಹೆಂಡತಿಯರನ್ನು ಹೊರಗೇ ಬಿಡಲಿಲ್ಲ. ಹತ್ತು, ಇಪ್ಪತ್ತು ರೂಪಾಯಿಯಂತೆ 14,000 ಕೂಡಿತು. ಅಷ್ಟನ್ನೂ ಅವರಿಗೇ ಕೊಟ್ಟೆವು.

ಡೊಂಬಿವಲಿ ಅಣ್ಣ
ಅಂದರೆ ತಲೆಗೆ 2,800, ಅದರಲ್ಲೇ ಬಸ್ ಚಾರ್ಜೂ ಸೇರಿತಾ? ನಾನು ತಲೆಗೆ 5,000 ಕೊಟ್ಟು ಬಸ್ಸಿನ ದುಡ್ಡು ಬೇರೆ ಕೊಟ್ಟೆ. ಬಡವರ ಮುಂದೆ ಹಾಡಿದರು ಅಂತ ಅವರ ಕೂಲಿ ಕಡಿಮೆ ಮಾಡೋದು ಯಾವ ನ್ಯಾಯ? ಮತ್ತೆ ನಮ್ಮ ಹಾಲ್ ಅಂತ ಅಷ್ಟು ಹಗುರ ಮಾತಾಡಬೇಡಿ. ನಮ್ಮ ಅಪ್ಪ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆ ಹಾಲ್ ಅವರ ದುಡಿಮೆ.

ವಾಸ್ಕೋ ಕನ್ನಡಿಗ
ಬಸ್ಸಿನ ದುಡ್ಡು ನಾವು ನಾಲ್ಕು ಜನ ಕೈಯಿಂದ ಹಾಕಿದ್ದು, ಬರೆಯೋದು ಬಿಟ್ಟುಹೋಯಿತು. ನಿಮ್ಮ ಅಪ್ಪನವರ ಮೇಲೆ ನನಗೆ ಗೌರವ ಇದೆ. ಆದರೆ ಇದೇ ಮುಂಬಯಿಯಲ್ಲಿ 1940ರ ದಶಕದಲ್ಲಿ ಹೋರಾಟದ ಹಾಡು ಕಟ್ಟುತ್ತಿದ್ದ ಮರಾಠಿ ಶಾಹೀರರಾದ ಅಣ್ಣಾಭಾವು ಸಾಠೆ, ಅಮರ್ ಶೇಖ್ ಹಾಡಿದ್ದು ಗಿರಣಿ ಕಾರ್ಮಿಕರ ನಡುವೆ. ನಾನು ಅದನ್ನೇ ಹೇಳುತ್ತಿದ್ದೇನೆ.

ಪಿಂಪ್ರಿ ತಮ್ಮ
ಜಗಳದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಮೊಬೈಲ್! ನಮ್ಮ ಮನೆಗೆ ಬಂದ ಅತಿಥಿಯೊಬ್ಬರು ಒಳ್ಳೆ ಮನಸ್ಸಿನಿಂದಲೇ ಒಂದು ಹಾಡಿನ ಮೂವತ್ತು ಸೆಕೆಂಡ್ ತುಂಡು ಎಲ್ಲ ಗ್ರೂಪಿಗೂ ಹಾಕಿದರು. ಅದು ಊರ ಗೌಡಿಕೆಯನ್ನು ಪ್ರಶ್ನೆ ಮಾಡುವ ಸಾಲು. ನಾಲ್ಕೇ ದಿನಕ್ಕೆ ಅದು ಹಾಡುಗಾರರ ಊರಿಗೇ ತಲುಪಿತು. ಆ ವರ್ಷದ ಜಾತ್ರೆಗೆ ಅವರನ್ನು ಕರೆಯಲಿಲ್ಲ, ಎರಡು ಮದುವೆ ಕೆಲಸ ತಪ್ಪಿತು. ಅಳಿಸಿ ಅಂತ ಒಬ್ಬೊಬ್ಬರಿಗೆ ಫೋನ್ ಮಾಡುತ್ತಾ ಒಂಬತ್ತು ದಿನ ಕಳೆದೆ. ಪೂರ್ತಿ ಅಳಿಸೋಕೆ ಆಗಲೇ ಇಲ್ಲ. ನಾವು ಪುಣೆಯಲ್ಲಿ ಕೂತು ಕೇಳುತ್ತೇವೆ, ಅವರು ಆ ಊರಿನಲ್ಲಿ ಬದುಕಬೇಕು. ಈಗ ಬಾಗಿಲಲ್ಲಿ ಬುಟ್ಟಿ ಇಟ್ಟಿದ್ದೇನೆ. ಫೋನ್ ಅದರಲ್ಲಿ ಇಟ್ಟರಷ್ಟೇ ಒಳಗೆ. ಇದಕ್ಕೆ ಬೇಜಾರಾಗಿ ಇಬ್ಬರು ಗೆಳೆಯರು ಬರೋದೇ ಬಿಟ್ಟರು. ಬಿಡಲಿ.

ಮಾಟುಂಗಾ ಹಿರಿಯರು
ಇಂಥ ಬೈಠಕ್‌ಗಳಲ್ಲಿ ತತ್ವಪದವನ್ನು ಜನಪದ ಅಂತ ಕರೆಯುವವರಿದ್ದಾರೆ, ಅದು ಸರಿಯಲ್ಲ. ಶಿಶುನಾಳ ಶರೀಫರು 1819ರಿಂದ 1889ರವರೆಗೆ ಬದುಕಿದ್ದ ಕವಿ, ಅವರ ತತ್ವಪದಗಳು ಅಂಕಿತ, ಅಂದರೆ ಕವಿಯ ಗುರುತಿನ ಹೆಸರು, ಇರುವ ಪದಗಳು. ಜನಪದಕ್ಕೆ ಕರ್ತೃ ಇರೋದಿಲ್ಲ.

ಕೊತ್ರೂಡ್ ಹಲಗೆ
ಹಿರಿಯರೇ, ಅಕ್ಷರ ಬಾರದವರು ಹೊಲದಲ್ಲಿ, ಮಠದಲ್ಲಿ ಬಾಯಿಂದ ಬಾಯಿಗೆ ಉಳಿಸಿಕೊಂಡ ಪದ ಜನಪದ ಅಲ್ವಾ? ಇವತ್ತು ಅವುಗಳನ್ನು ಹಾಡಿ ಹೊಟ್ಟೆ ಹೊರೆಯುವವರ ಮುಂದೆ ಈ ಮಾತು ಹೇಳಿ ನೋಡಿ.

ಮಾಟುಂಗಾ ಹಿರಿಯರು
ಹೇಳುತ್ತೇನೆ. ಅವರೂ ಗುರುವಿನ ಹೆಸರು ತೆಗೆದುಕೊಂಡೇ ಹಾಡುತ್ತಾರೆ. ಕರ್ತೃವನ್ನು ಮರೆಸಬೇಡಿ ಅಂತಷ್ಟೇ ನನ್ನ ಕಳಕಳಿ.

ಠಾಣೆ ಅಕ್ಕ
ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಋಣಿ. ಶನಿವಾರ ಸಂಜೆ 6ಕ್ಕೆ ಶುರು, ತಲೆಗೆ 700 ಮೊದಲೇ, ಬಾಗಿಲಲ್ಲಿ ಬುಟ್ಟಿ, ಎಲ್ಲರಿಗೂ ಬಾಳೆ ಎಲೆ. ಭಾನುವಾರ ನಮ್ಮ ರಸ್ತೆಯಾಚೆ ಕಟ್ಟಡ ಕಟ್ಟುವ ಯಾದಗಿರಿ ಕಡೆಯವರ ಶೆಡ್‌ಗಳ ಹತ್ತಿರ ಒಂದು ಗಂಟೆ ಹಾಡುತ್ತೀರಾ ಅಂತ ಮೇಳದವರನ್ನು ಫೋನಿನಲ್ಲಿ ಕೇಳಿದೆ. ಅದಕ್ಕೆ ಬೇರೆ ಸಂಭಾವನೆ ಕೊಡುತ್ತೇನೆ ಅಂದೆ, ಒಪ್ಪಿದ್ದಾರೆ. ಡೊಂಬಿವಲಿ ಅಣ್ಣಾ, ಹಾರ್ಮೋನಿಯಂ ನಮ್ಮ ಮನೆಯಲ್ಲೇ ಇದೆ. ಅವರು ಹೊತ್ತು ತರೋದು ಬೇಡ ಅಲ್ವಾ?

ಡೊಂಬಿವಲಿ ಅಣ್ಣ
ಬೇಡ. ಆದರೆ ಅವರ ಶ್ರುತಿ ಯಾವುದು ಅಂತ ಇವತ್ತೇ ಕೇಳಿಕೊಳ್ಳಿ. ನಮ್ಮಲ್ಲಿಗೆ ಬಂದವರದು ಕರಿ ಎರಡು, ಅಂದರೆ ಹಾರ್ಮೋನಿಯಂನ ಎರಡನೇ ಕಪ್ಪು ಮನೆ. ಎರಡನೇ ಸಲ ಬಾಡಿಗೆಗೆ ತಂದ ಪೆಟ್ಟಿಗೆಯಲ್ಲಿ ಆ ಸ್ವರವೇ ಗಾಳಿ ಬಿಡುತ್ತಿತ್ತು.